ಪತ್ರದ ಕೊನೆಯಲ್ಲಿ ಸೊನ್ನೆ ಇತ್ತು

2025ರ ಮಾರ್ಚ್ ಕೊನೆಯ ವಾರ. ಕಾಲೇಜಿನ ಖರ್ಚಿನ ಬಗ್ಗೆ ಸಲಹೆ ಕೇಳಲು ಅಪ್ಪ, ಅಮ್ಮ, ಮಗಳು ಮೂವರೂ ಒಟ್ಟಿಗೆ ನನ್ನ ಬಳಿ ಬಂದರು. ಅಮೆರಿಕಕ್ಕೆ ಬಂದು ಹದಿನೈದು ವರ್ಷವಾದ ಕುಟುಂಬ, ಮೂವರಿಗೂ ಗ್ರೀನ್ ಕಾರ್ಡ್ ಇದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ: ಶ್ರೀಧರ್, ಸುಮಾ, ನಿಧಿ. ಊರು, ಕಾಲೇಜುಗಳನ್ನು ಹೇಳುವುದಿಲ್ಲ. ಅವರ ಲೆಕ್ಕದ ಅಂಕಿಗಳನ್ನು ಸ್ವಲ್ಪ ಹಿಂದೆಮುಂದೆ ಮಾಡಿದ್ದೇನೆ.

ಬಂದದ್ದು ಅಪ್ಪ–ಮಗಳ ಜಗಳಕ್ಕೆ. ಎರಡು ಕಾಲೇಜಿನಿಂದ ಸೀಟು ಬಂದಿತ್ತು. ಒಂದು ಖಾಸಗಿ, ಇನ್ನೊಂದು ಅವರದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ. ಮಗಳಿಗೆ ಸರ್ಕಾರಿಯದೇ ಬೇಕು. ಅಪ್ಪ ಕೇಳುತ್ತಿಲ್ಲ.

“ಖಾಸಗಿಯಲ್ಲಿ ನಾವು ಕಟ್ಟೋದು ಏನೂ ಇಲ್ಲ ಮೇಡಂ. ನೋಡಿ, ಬಾಕಿ ಸೊನ್ನೆ ಅಂತ ಅವರೇ ಬರೆದಿದ್ದಾರೆ. ಅಂಥದ್ದನ್ನು ಬಿಟ್ಟು ಅಲ್ಲಿಗೆ ಹೋಗ್ತೀನಿ ಅಂತಾಳೆ,” ಅಂದರು ಶ್ರೀಧರ್. ನಿಧಿ ತಲೆ ತಗ್ಗಿಸಿ ಕೂತಿದ್ದಳು.

ಪತ್ರವನ್ನು ಮೇಜಿನ ಮೇಲೆ ಹರಡಿ ಪೆನ್ಸಿಲ್ ತೆಗೆದುಕೊಂಡೆ. ವರ್ಷದ ಒಟ್ಟು ಖರ್ಚು 78,000 ಡಾಲರ್. ಕೆಳಗೆ ‘ನಿಮಗೆ ಮಂಜೂರಾದ ನೆರವು’ ಅಂತ ಐದು ಸಾಲು. ಕಾಲೇಜಿನ ಗ್ರಾಂಟ್ 31,000. ಸಬ್ಸಿಡೈಸ್ಡ್ ಲೋನ್ 3,500. ಅನ್‌ಸಬ್ಸಿಡೈಸ್ಡ್ ಲೋನ್ 2,000. ವರ್ಕ್ ಸ್ಟಡಿ 2,500. ಪೇರೆಂಟ್ ಪ್ಲಸ್ 39,000. ಕೊನೆಗೆ, ಬಾಕಿ: 0.

ಪೆನ್ಸಿಲನ್ನು ಶ್ರೀಧರ್ ಕೈಗೆ ಕೊಟ್ಟೆ. “ಇದರಲ್ಲಿ ವಾಪಸ್ ಕೊಡಬೇಕಾದದ್ದನ್ನೆಲ್ಲ ಹೊಡೆದುಹಾಕಿ,” ಅಂದೆ.

ಎರಡು ಲೋನಿನ ಮೇಲೆ ತಕ್ಷಣ ಗೆರೆ ಎಳೆದರು. ವರ್ಕ್ ಸ್ಟಡಿ ಹತ್ತಿರ ನಿಂತರು. ಅದು ಕ್ಯಾಂಪಸ್‌ನಲ್ಲಿ ಕೆಲಸ ಮಾಡಿದರೆ ಬರುವ ಸಂಬಳ, ಫೀಸಿಗೆ ಮೊದಲೇ ವಜಾ ಆಗುವ ದುಡ್ಡಲ್ಲ ಅಂತ ಹೇಳಿದೆ. ಅದನ್ನೂ ಹೊಡೆದರು. ಪ್ಲಸ್ ಅಂದರೆ ಏನು ಅಂತ ಕೇಳಿದರು. ತಂದೆ ಅಥವಾ ತಾಯಿ ತಮ್ಮ ಹೆಸರಿನಲ್ಲಿ ಮಾಡುವ ಸಾಲ. 2025-26ರ ಸಾಲಕ್ಕೆ ಆಮೇಲೆ ನಿಗದಿಯಾದ ಬಡ್ಡಿ ಶೇ. 8.94. ಜೊತೆಗೆ ಸಾಲ ಕೊಡುವಾಗಲೇ ನೂರಕ್ಕೆ ನಾಲ್ಕು ಡಾಲರಿಗಿಂತ ಜಾಸ್ತಿ ಮುರಿದುಕೊಳ್ಳುತ್ತಾರೆ. ನಿಧಿಯ ಸಾಲವಲ್ಲ ಅದು, ಅವರದೇ.

ಪೆನ್ಸಿಲ್ ಆ ಸಾಲಿನ ಮೇಲೆ ತುಂಬ ಹೊತ್ತು ನಿಂತಿತ್ತು. ಕೊನೆಗೆ ಹೊಡೆದರು. ಉಳಿದದ್ದು 31,000 ಒಂದೇ. ಅಂದರೆ ನಿಜವಾದ ಖರ್ಚು ವರ್ಷಕ್ಕೆ 47,000. ಸರ್ಕಾರಿ ಕಾಲೇಜಿನ ಪತ್ರದಲ್ಲಿ ಒಟ್ಟು 34,000, ಸ್ಕಾಲರ್‌ಶಿಪ್ 9,000. ನಿಜವಾದ ಖರ್ಚು 25,000. ಆ ಪತ್ರದಲ್ಲಿ ಪ್ಲಸ್ ಸಾಲವನ್ನು ಸೇರಿಸಿರಲಿಲ್ಲ, ಅದಕ್ಕೇ ಬಾಕಿ ದೊಡ್ಡದಾಗಿ ಕಾಣುತ್ತಿತ್ತು.

ಇಷ್ಟೇ ಆಗಿದ್ದರೆ ಅರ್ಧ ಗಂಟೆಯಲ್ಲಿ ಕಳಿಸಿಕೊಡುತ್ತಿದ್ದೆ. ಆದರೆ ಪೆನ್ಸಿಲ್ ಕೆಳಗಿಟ್ಟ ಶ್ರೀಧರ್ ಮುಖ ನೋಡಿ ಕೇಳಿದೆ: “ಈಗ ಕೆಲಸ ಹೇಗಿದೆ?”

ಸುಮಾ ಕಿಟಕಿಯತ್ತ ತಿರುಗಿದರು. ಉತ್ತರ ಬಂದದ್ದು ನಿಧಿಯಿಂದ. “ಅಪ್ಪನಿಗೆ ನವೆಂಬರ್‌ನಿಂದ ಕೆಲಸ ಇಲ್ಲ, ಆಂಟಿ.”

ಮಗಳಿಗೆ ಗೊತ್ತಿದೆ ಅನ್ನುವುದು ಶ್ರೀಧರ್‌ಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದರು, ಲೈಬ್ರರಿಯಲ್ಲಿ ಕೂತು ಕೆಲಸ ಹುಡುಕಿ ಸಂಜೆ ಬರುತ್ತಿದ್ದರು. ಹೈಸ್ಕೂಲಿನ ಕೊನೆ ವರ್ಷ, ಮಗಳ ತಲೆ ಕೆಡಬಾರದು ಅಂತ. ಅವಳು ಡಿಸೆಂಬರ್‌ನಲ್ಲೇ ಅವರನ್ನು ಅಲ್ಲಿ ನೋಡಿದ್ದಳು. ಯಾರಿಗೂ ಹೇಳದೆ ಕಡಿಮೆ ಖರ್ಚಿನ ಕಾಲೇಜಿಗೆ ಹಟ ಹಿಡಿದಿದ್ದಳು. ಅಪ್ಪ ಅವಳಿಗೋಸ್ಕರ ಮುಚ್ಚಿಟ್ಟರು, ಅವಳು ಅಪ್ಪನಿಗೋಸ್ಕರ. ಆ ದಿನದ ಅರ್ಧ ಸಮಯ ಹೋದದ್ದು ಇದರಲ್ಲಿ. ಅತ್ತರು, ಸುಮ್ಮನಾದರು. ಹಣದ ಮಾತಿಗೆ ಮರಳುವ ಅವಸರ ನನಗೂ ಇರಲಿಲ್ಲ.

ಆಮೇಲೆ ಫ್ಯಾಫ್ಸಾ ತೆರೆದೆವು. ಫೆಡರಲ್ ಸರ್ಕಾರದ ನೆರವಿಗೆ ತುಂಬುವ ಅರ್ಜಿ ಅದು, ಅದಕ್ಕೆ ಶುಲ್ಕವಿಲ್ಲ. ನಿಧಿ ಜನವರಿಯಲ್ಲಿ ತಾನೇ ತುಂಬಿದ್ದಳು. ಶ್ರೀಧರ್ ತಮ್ಮ ಅಕೌಂಟ್ ಮಾಡಿಕೊಂಡು ಒಪ್ಪಿಗೆ ಕೊಟ್ಟಿದ್ದರು. ಗಂಡ–ಹೆಂಡತಿ ಒಟ್ಟಿಗೆ ಟ್ಯಾಕ್ಸ್ ಸಲ್ಲಿಸುವುದರಿಂದ ಸುಮಾ ಬೇರೆ ಅಕೌಂಟ್ ಮಾಡಬೇಕಿರಲಿಲ್ಲ. ತಪ್ಪೇನೂ ಇಲ್ಲ. ಆದರೆ 2025-26ರ ಅರ್ಜಿ ನೋಡುವುದು 2023ರ ಟ್ಯಾಕ್ಸ್ ಲೆಕ್ಕವನ್ನು. ಅಂಕಿಗಳು ಟ್ಯಾಕ್ಸ್ ಇಲಾಖೆಯಿಂದ ನೇರವಾಗಿ ಬಂದು ಕೂರುತ್ತವೆ. 2023ರಲ್ಲಿ ಶ್ರೀಧರ್‌ಗೆ ಒಳ್ಳೆಯ ಸಂಬಳ. ಹಾಗಾಗಿ ನಿಧಿಯ ಎಸ್‌ಎಐ, ಅಂದರೆ ಕುಟುಂಬದ ಶಕ್ತಿಯನ್ನು ಅಳೆಯುವ ಸಂಖ್ಯೆ, ಜಾಸ್ತಿ ಬಂದಿತ್ತು. ಆ ಅರ್ಜಿಯ ಕಣ್ಣಿಗೆ ಅವರಿನ್ನೂ ಸಂಬಳ ತರುತ್ತಿದ್ದಾರೆ.

“ಹಾಗಾದರೆ ರಿಟೈರ್‌ಮೆಂಟ್ ದುಡ್ಡು ತೆಗೆದುಬಿಡ್ತೀನಿ,” ಅಂದರು.

ಅದೊಂದನ್ನು ಮಾಡಬೇಡಿ ಅಂತ ಕೈ ಮುಗಿದೆ. 48 ವರ್ಷಕ್ಕೆ 401ಕೆ ಅನ್ನುವ ಆ ನಿವೃತ್ತಿ ಖಾತೆ ಒಡೆದರೆ ತೆಗೆದ ಹಣಕ್ಕೆ ಟ್ಯಾಕ್ಸ್, ಅದರ ಜೊತೆಗೆ ಅದೇ ಹಣದ ಶೇ. 10ರಷ್ಟು ದಂಡ. ಆ ಖಾತೆಯಲ್ಲಿ ಇರುವಷ್ಟು ದಿನ ಫ್ಯಾಫ್ಸಾ ಅದನ್ನು ಆಸ್ತಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆಗೆದರೆ ಮಾತ್ರ ಆ ವರ್ಷದ ಆದಾಯವಾಗಿ ಟ್ಯಾಕ್ಸ್‌ನಲ್ಲಿ ಕಾಣಿಸುತ್ತದೆ, ಮುಂದೆ ಆ ವರ್ಷದ ಟ್ಯಾಕ್ಸ್ ನೋಡುವ ಅರ್ಜಿಯಲ್ಲಿ ನೆರವು ಇನ್ನೂ ಕಡಿಮೆ ಮಾಡುತ್ತದೆ.

ಇನ್ನೊಂದು ದಾರಿ ಇತ್ತು, ಅದನ್ನು ಹೇಳಿದೆ. ಕಾಲೇಜಿನ ಏಯ್ಡ್ ಆಫೀಸಿಗೆ ‘ಪ್ರೊಫೆಷನಲ್ ಜಡ್ಜ್‌ಮೆಂಟ್’ ಕೇಳಿ ಅರ್ಜಿ ಕೊಡುವುದು. ಕೆಲಸ ಹೋಗಿದ್ದರೆ, ದೊಡ್ಡ ಆಸ್ಪತ್ರೆ ಖರ್ಚು ಬಂದಿದ್ದರೆ, ಅಲ್ಲಿನ ಅಧಿಕಾರಿ ಹಳೆ ಅಂಕಿಗಳನ್ನು ಬದಲಿಸಿ ಲೆಕ್ಕ ಮಾಡಬಹುದು. ಬದಲಿಸಲೇಬೇಕು ಅಂತೇನಿಲ್ಲ. ಅವರ ತೀರ್ಮಾನವೇ ಕೊನೆ, ಮೇಲಿನ ಇಲಾಖೆಗೆ ದೂರು ಒಯ್ಯಲಾಗುವುದಿಲ್ಲ.

“ಕೊಟ್ಟಿರೋದೇ ಜಾಸ್ತಿ, ಮತ್ತೆ ಹೋಗಿ ಕೈ ಚಾಚೋದಾ?” ಶ್ರೀಧರ್ ಧ್ವನಿ ಸಣ್ಣದಾಗಿತ್ತು.

ನನ್ನ ಬಳಿ ಬರುವ ನಮ್ಮವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ನಾನು ಹೇಳಿದ್ದು ಇಷ್ಟು: ಈ ಅಧಿಕಾರವನ್ನು ಕೊಟ್ಟಿರುವುದು 1965ರ ಉನ್ನತ ಶಿಕ್ಷಣ ಕಾಯ್ದೆ. ಟ್ಯಾಕ್ಸ್ ಕಾಗದ ಎರಡು ವರ್ಷ ಹಳೆಯದು ಅಂತ ಕಾನೂನಿಗೇ ಗೊತ್ತಿದೆ. ನೀವು ಹೊಸ ಕಾಗದ ಕೊಡುತ್ತಿದ್ದೀರಿ, ಅಷ್ಟೇ. ಭಿಕ್ಷೆ ಹೇಗಾಗುತ್ತದೆ?

ಪತ್ರ ಬರೆಯಲು ಎರಡು ದಿನ ಹಿಡಿಯಿತು. ಮೊದಲ ಪ್ರತಿಯಲ್ಲಿ ಮೂರು ಪುಟ ಕಷ್ಟ, ಕಂಪನಿಯ ಮೇಲಿನ ಸಿಟ್ಟು. ನಾನು ಒಂದು ಪುಟಕ್ಕೆ ಇಳಿಸಲು ಹೇಳಿದೆ: ಕೆಲಸ ಹೋದ ದಿನಾಂಕ, ಆಗಿನ ಸಂಬಳ, ಈಗ ಮನೆಗೆ ಬರುತ್ತಿರುವುದು, 2025ರಲ್ಲಿ ಬರಬಹುದಾದ ಅಂದಾಜು. ಜೊತೆಗೆ ಕಂಪನಿಯ ಪತ್ರ, ಕೊನೆಯ ಪೇ ಸ್ಟಬ್, ನಿರುದ್ಯೋಗ ಭತ್ಯೆಯ ಕಾಗದ, ಸುಮಾ ಅವರ ಪಾರ್ಟ್‌ಟೈಮ್ ಸಂಬಳದ ಚೀಟಿ. ಕೆಲಸ ಬಿಟ್ಟಾಗ ಕಂಪನಿ ಕೊಟ್ಟ ಹಣವನ್ನೂ ಮುಚ್ಚಿಡಬೇಡಿ ಅಂದೆ. ಎರಡೂ ಕಾಲೇಜಿಗೆ ಬೇರೆಬೇರೆ ಕಳಿಸಬೇಕು. ಒಬ್ಬರು ಒಪ್ಪಿದರೆ ಇನ್ನೊಬ್ಬರೂ ಒಪ್ಪಬೇಕು ಅಂತಿಲ್ಲ.

ಹಾಗೇ ಆಯಿತು. ಖಾಸಗಿಯವರು ಗ್ರಾಂಟನ್ನು 6,000 ಏರಿಸಿದರು. ಸರ್ಕಾರಿ ಕಾಲೇಜು ಎಸ್‌ಎಐ ಅನ್ನೇ ತಿದ್ದಿತು. ಕಡಿಮೆ ಆದಾಯದವರಿಗೆ ಫೆಡರಲ್ ಸರ್ಕಾರ ಕೊಡುವ, ವಾಪಸ್ ಕೊಡಬೇಕಿಲ್ಲದ ಪೆಲ್ ಗ್ರಾಂಟ್‌ಗೆ ನಿಧಿ ಅರ್ಹಳಾದಳು. ಆ ವರ್ಷ ಪೆಲ್‌ನ ಗರಿಷ್ಠ ಮೊತ್ತ 7,395 ಡಾಲರ್, ಅವಳಿಗೆ ಸಿಕ್ಕಿದ್ದು 3,500. ಕಾಲೇಜು ತನ್ನ ಕಡೆಯಿಂದ 4,000 ಸೇರಿಸಿತು. 25,000 ಇದ್ದದ್ದು 17,500ಕ್ಕೆ ಇಳಿಯಿತು. ಅದರಲ್ಲಿ 5,500 ಅವಳ ಹೆಸರಿನ ಫೆಡರಲ್ ಸಾಲ. ಅಪ್ಪ–ಅಮ್ಮನನ್ನು ಅವಲಂಬಿಸಿದ ಮೊದಲ ವರ್ಷದ ವಿದ್ಯಾರ್ಥಿಗೆ ಅದೇ ಮಿತಿ. ಪ್ಲಸ್ ಸಾಲ ಬೇಡವೇ ಬೇಡ ಅಂತ ಮೂವರೂ ಕೂತು ತೀರ್ಮಾನಿಸಿದರು. ಆ ಸಾಲಕ್ಕೆ ಈಗ ಕಡಿವಾಣ ಬಿದ್ದಿದೆ. 2026ರ ಜುಲೈ 1ರಿಂದ ಹೊಸದಾಗಿ ಪಡೆಯುವವರಿಗೆ ಒಬ್ಬ ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಮಾತ್ರ. ನನಗೆ ಇದರಿಂದ ನೆಮ್ಮದಿಯಾಗಿದೆ. ಆ ಒಂದು ಸಾಲಿನಲ್ಲಿ ಸಿಕ್ಕಿಬಿದ್ದ ಎಷ್ಟೋ ತಂದೆತಾಯಿಯರನ್ನು ನೋಡಿದ್ದೇನೆ.

ಒಂದು ವಿಷಯ ಅವರಿಗೆ ಎರಡೆರಡು ಸಲ ಹೇಳಿದ್ದೆ. ಮುಂದಿನ ವರ್ಷದ ಫ್ಯಾಫ್ಸಾ 2024ರ ಟ್ಯಾಕ್ಸ್ ನೋಡುತ್ತದೆ, ಆ ವರ್ಷ ಹತ್ತು ತಿಂಗಳು ಸಂಬಳ ಬಂದಿತ್ತು. ಹಾಗಾಗಿ ಮತ್ತೆ ಅರ್ಜಿ, ಮತ್ತೆ ಆ ಪತ್ರ. ಒಮ್ಮೆ ತಿದ್ದಿದ್ದು ಎಲ್ಲ ವರ್ಷಕ್ಕೂ ನಡೆಯುವುದಿಲ್ಲ.

ಅಕ್ಟೋಬರ್‌ನಲ್ಲಿ ಶ್ರೀಧರ್ ಫೋನ್ ಮಾಡಿದರು. ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಸಂಬಳ ಮೊದಲಿನ ಅರ್ಧ. “ಫಾರ್ಮ್ ತುಂಬಿ ಆಯ್ತು ಮೇಡಂ. ಪತ್ರಾನೂ ಬರೆದಿದ್ದೀನಿ, ಒಂದೇ ಪುಟ. ನಿಧಿ ಓದಿ ಒಂದು ಕಡೆ ತಿದ್ದಿದಳು.”