40 ಸಸಿಗೆ 1,600 ಕೊಡ ನೀರು

ಬಾಗಲಕೋಟೆಯ ಪದವಿ ಕಾಲೇಜೊಂದರ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯೊಬ್ಬರ ಪತ್ರದ ಸಾರ: “ಕಳೆದ ಜನವರಿಯಲ್ಲಿ ಬಾದಾಮಿಯಲ್ಲಿ ಶನಿವಾರ, ಭಾನುವಾರ ನಾಯಕತ್ವ ಶಿಬಿರ ಮಾಡಿದೆವು. 110 ವಿದ್ಯಾರ್ಥಿಗಳು, ಏಳು ಉಪನ್ಯಾಸ. ಹತ್ತಿರದ ಹಳ್ಳಿಯಲ್ಲಿ 40 ಸಸಿ ನೆಟ್ಟೆವು. ಎಲ್ಲರೂ ‘ಭಾಳ ಚಲೋ ಆತು’ ಅಂತ ಬರೆದುಕೊಟ್ಟರು. ಯುಗಾದಿ ಹೊತ್ತಿಗೆ ಮೂರೇ ಸಸಿ ಉಳಿದಿದ್ದವು. ಈ ಸಲವೂ ಮಾಡಿ ಅಂತಾರೆ ಪ್ರಾಚಾರ್ಯರು. ಎರಡು ದಿನದಲ್ಲಿ ಸಾಮಾಜಿಕ ಹೊಣೆಗಾರಿಕೆ ಕಲಿಸಲಿಕ್ಕೆ ಆಗುತ್ತದೆಯೇ?”

ಮಾನ್ಯರೇ,

ಮೊದಲು ಸಸಿಗಳ ಲೆಕ್ಕ ಮುಗಿಸೋಣ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ನಮ್ಮ ಕಡೆ ಜನವರಿಯಲ್ಲಿ ನೆಟ್ಟ ಸಸಿಗೆ ಮುಂಗಾರು ಬರುವ ತನಕ, ಹತ್ತಿರ ಹತ್ತಿರ 20 ವಾರ, ಕೈನೀರೇ ಗತಿ. ವಾರಕ್ಕೆ ಎರಡು ಸಲ, ಸಲಕ್ಕೆ 10 ಲೀಟರಿನ ಒಂದು ಕೊಡ ಹಿಡಿದರೂ 40 ಸಸಿಗೆ ವಾರಕ್ಕೆ 80 ಕೊಡ, ಒಟ್ಟು 1,600 ಕೊಡ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪಾಳಿ ಹಚ್ಚುವ ಊರಲ್ಲಿ ಇಷ್ಟು ನೀರು ಹೊರುವವರು ಯಾರು? ಆ ಊರಿನ ಹೆಣ್ಣುಮಕ್ಕಳನ್ನು ಯಾರೂ ಕೇಳಿರಲಿಕ್ಕಿಲ್ಲ. ಸಸಿ ನೆಡುವುದಿದ್ದರೆ ಒಂದೆರಡು ಹದ ಮಳೆ ಆದಮೇಲೆ ನೆಡಿ, ಜನವರಿಯಲ್ಲಿ ಬೇಡ. ಆದರೆ ಈ ಲೆಕ್ಕವನ್ನು ಶಿಬಿರಕ್ಕೆ ಬಂದಿಳಿದ ಶುಕ್ರವಾರ ರಾತ್ರಿಯೇ ಮಕ್ಕಳ ಕೈಯಲ್ಲಿ ಮಾಡಿಸಿ. ಒಂದು ಉಪನ್ಯಾಸ ತಾನಾಗಿ ಕಡಿಮೆಯಾಗುತ್ತದೆ.

110 ಜನ ಸೇರಿದರೆ ಅದು ಜಾತ್ರೆ. 32 ಮಂದಿ ಸಾಕು, ಎಂಟೆಂಟರ ನಾಲ್ಕು ಗುಂಪು. ಗುಂಪು ಎಂಟು ದಾಟಿತೆಂದರೆ ಮೂವರು ಮಾತಾಡುತ್ತಾರೆ, ಉಳಿದವರು ಮೊಬೈಲ್ ತೀಡುತ್ತಾರೆ. ಆರಿಸುವಾಗ ಯಾವಾಗಲೂ ನಿರೂಪಣೆ ಮಾಡುವವರು, ವಿದ್ಯಾರ್ಥಿ ಒಕ್ಕೂಟದವರು ಅರ್ಧ ಇರಲಿ, ಮೈಕ್ ಮುಟ್ಟದವರು ಇನ್ನರ್ಧ. ಒಂದೇ ಊರಿನವರು ಒಂದೇ ಗುಂಪಿಗೆ ಬೇಡ. ಲಂಬಾಣಿ, ಉರ್ದು ಬಲ್ಲವರನ್ನು ಆದಷ್ಟು ನಾಲ್ಕೂ ಗುಂಪಿಗೆ ಹಂಚಿ; ತಾಂಡಾಕ್ಕೆ ಕಾಲಿಟ್ಟ ಗಳಿಗೆಯಲ್ಲಿ ಗುಂಪಿನ ಮುಂದಾಳು ತಾನಾಗಿಯೇ ಬದಲಾಗುತ್ತಾನೆ.

ಬಾದಾಮಿಯಲ್ಲಿ ಇಳಿಸಿದರೆ ಗುಹೆ, ಹೊಂಡ, ರೀಲ್ಸ್ ಇಷ್ಟರಲ್ಲೇ ಭಾನುವಾರ ಬರುತ್ತದೆ. ಕೂಡಲಸಂಗಮದಂಥ ಕಡೆ ವಸತಿ, ಊಟ ಎರಡೂ ಸಿಗುತ್ತವೆ, ಹಳ್ಳಿಗಳೂ ದೂರವಿಲ್ಲ. ನಡೆದು ಹೋಗುವಷ್ಟು ಹತ್ತಿರದ ಒಂದೇ ಹಳ್ಳಿ ಹಿಡಿಯಿರಿ. ಎಳ್ಳಮಾವಾಸ್ಯೆ, ಊರ ಜಾತ್ರೆ, ವಾರದ ಸಂತೆ ತಪ್ಪಿಸಿ ದಿನ ಗೊತ್ತುಮಾಡಿ. ಹದಿನೈದು ದಿನ ಮುಂಚೆ ನೀವೇ ಹೋಗಿ ಪಂಚಾಯ್ತಿ ಅಧ್ಯಕ್ಷರನ್ನೂ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯನ್ನೂ (ಪಿಡಿಒ) ಕಾಣಿ. ಅಂಗನವಾಡಿ ಕಾರ್ಯಕರ್ತೆಯನ್ನು ಬೇರೆಯಾಗಿ ಕಾಣಬೇಕು. ಅವರು ಒಪ್ಪದಿದ್ದರೆ ಶಿಬಿರದ ಮುಖ್ಯ ಕೆಲಸವೇ ನಡೆಯುವುದಿಲ್ಲ.

ಆ ಕೆಲಸವೆಂದರೆ ನೆಲದ ಮೇಲೆ ಊರಿನ ನಕ್ಷೆ. ಬೇಕಾದದ್ದು ನಾಲ್ಕು ಬಣ್ಣದ ರಂಗೋಲಿ ಪುಡಿ ಐದು ಕಿಲೋ, ಎಣಿಕೆಗೆ ಎರಡು ಸೇರು ಹುಣಸೆಬೀಜ, ಸಗಣಿ ಸಾರಿಸಿದ ಒಂದಿಷ್ಟು ಜಾಗ. ಶನಿವಾರ ಬೆಳಿಗ್ಗೆ ಎರಡು ಗುಂಪು ಗುಡಿಕಟ್ಟೆ ಮುಂದೆ ಗಂಡಸರ ಜೊತೆ ಕೂತರೆ ಇನ್ನೆರಡು ಗುಂಪು ಅಂಗನವಾಡಿ ಅಂಗಳದಲ್ಲಿ ಹೆಂಗಸರ ಜೊತೆ. ಪುಡಿ ಊರವರ ಕೈಯಲ್ಲಿರಬೇಕು. ವಿದ್ಯಾರ್ಥಿ ಬಗ್ಗಿ ಗೆರೆ ಎಳೆಯಲು ಶುರುಮಾಡಿದನೋ, ಊರವರು ಕೈಕಟ್ಟಿ ನೋಡುವ ಮಂದಿಯಾಗುತ್ತಾರೆ. ಜೋಳದ ಸುಗ್ಗಿಯಿದ್ದರೆ ಎಂಟರ ಮೇಲೆ ಹೆಂಗಸರು ಹೊಲದಲ್ಲಿರುತ್ತಾರೆ. ಆರೂವರೆಗೆ ಶುರುಮಾಡಿ, ಇಲ್ಲವೇ ಸಂಜೆ ಐದರ ಮೇಲೆ ಹೋಗಿ.

ಎರಡು ನಕ್ಷೆ ಪಕ್ಕಪಕ್ಕ ಇಟ್ಟಾಗ ಪಾಠ ಕಣ್ಣಿಗೆ ಬೀಳುತ್ತದೆ. ಗಂಡಸರು ಸಾಮಾನ್ಯವಾಗಿ ಗುಡಿ, ಬಸ್‌ಸ್ಟ್ಯಾಂಡು, ಸೊಸೈಟಿಯಿಂದ ಶುರುಮಾಡುತ್ತಾರೆ. ಹೆಂಗಸರ ನಕ್ಷೆಯಲ್ಲಿ ನೀರು ಬರದ ನಳ, ಬಯಲಕಡೆ ಹೋಗುವ ದಾರಿ, ರಾತ್ರಿ ದೀಪವಿಲ್ಲದ ತಿರುವು ಮೊದಲು ಬರುತ್ತವೆ. ಯಾವ ಓಣಿ ಎರಡರಲ್ಲೂ ಬಂದಿಲ್ಲ ಎಂದು ಕೇಳಿ. ಊರ ಹೊರಗಿನ ಆ ಓಣಿಗೆ ಮಧ್ಯಾಹ್ನ ಮಕ್ಕಳು ಹೋಗಲಿ. ಅಲ್ಲಿ ಯಾವ ಮಾತೂ ಕೊಡಬಾರದು. “ಸಾಹೇಬರಿಗೆ ಹೇಳಿ ಮಾಡಸ್ತೀವ್ರಿ” ಅಂದುಬಿಡುವುದು ಇಪ್ಪತ್ತರ ಹುಡುಗರ ಚಾಳಿ. ಮುಂದಿನ ಸಲ ಹೋದವರಿಗೆ ಆ ಓಣಿಯಲ್ಲಿ ಕೂಡಲಿಕ್ಕೆ ಚಾಪೆ ಸಿಗುವುದಿಲ್ಲ.

ನಾಯಕತ್ವದ ಜೊತೆ ಸಾಮಾಜಿಕ ಹೊಣೆ ಕಲಿಸಲಿಕ್ಕೆ ಒಂದು ಮಾದರಿ ಇದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹೆಲೆನ್ ಮತ್ತು ಅಲೆಕ್ಸಾಂಡರ್ ಆಸ್ಟಿನ್ ಮುಂದಾಳತ್ವದ ತಂಡ 1990ರ ದಶಕದಲ್ಲಿ ರೂಪಿಸಿದ್ದು. ತನ್ನನ್ನು ಅರಿಯುವುದು, ನುಡಿದಂತೆ ನಡೆಯುವುದು, ಹಿಡಿದ ಕೆಲಸ ಬಿಡದಿರುವುದು, ಕೂಡಿ ದುಡಿಯುವುದು, ಗುರಿ ಒಂದಾಗಿರುವುದು, ಮರ್ಯಾದೆ ಬಿಡದೆ ಜಗಳಾಡುವುದು, ನಾಗರಿಕ ಹೊಣೆ ಎಂದು ಅದರಲ್ಲಿ ಏಳು ಅಂಶ. ಬಸವಣ್ಣನ ನೆಲದವರಿಗೆ ನುಡಿ-ನಡೆಯ ಪಾಠ ಅಮೆರಿಕದಿಂದ ಬರಬೇಕಿರಲಿಲ್ಲ, ಬಿಡಿ. ಆರನೆಯದಾದ ಮರ್ಯಾದೆಯ ಜಗಳಕ್ಕೆ ಮಾತ್ರ ರೂಢಿ ಬೇಕು, ಅದನ್ನು ನಮ್ಮ ಕಾಲೇಜುಗಳು ಮಾಡಿಸುವುದೇ ಅಪರೂಪ.

ಆ ರೂಢಿಗೆಂದು ಶನಿವಾರ ರಾತ್ರಿ ಗುಂಪುಗಳು ಚರ್ಚೆಗೆ ಕೂತಾಗ ಒಬ್ಬೊಬ್ಬರಿಗೆ ಮೂರು ಗೋವಿನಜೋಳದ ಕಾಳು ಕೊಡಿ. ಒಮ್ಮೆ ಮಾತಾಡಿದರೆ ಒಂದು ಕಾಳು ನಡುವಿನ ತಾಟಿಗೆ. ಕಾಳು ಮುಗಿದವರು ಎಲ್ಲರ ಕಾಳು ಮುಗಿಯುವ ತನಕ ಸುಮ್ಮನಿರಬೇಕು. ಹಿಂದಿನವರು ಹೇಳಿದ್ದನ್ನು ಅವರು “ಹೌದು” ಅನ್ನುವಂತೆ ತಿರುಗಿ ಹೇಳಿಯೇ ತಮ್ಮ ಮಾತು ಶುರುಮಾಡಬೇಕು. ಚುರುಕಿನವರು ಕಾಳನ್ನು ಕೊನೆಗೆಂದು ಬಚ್ಚಿಟ್ಟು ತೀರ್ಪು ಕೊಡಲು ನೋಡುತ್ತಾರೆ, ಅದಕ್ಕೇ ಮೊದಲ ಕಾಳು ಎಲ್ಲರೂ ಮೊದಲ ಹತ್ತು ನಿಮಿಷದಲ್ಲೇ ಹಾಕಲಿ. ಈ ಸುತ್ತಿನಲ್ಲಿ ಗುಂಪಿಗೆ ಒಂದರಂತೆ ಕೆಲಸ ಆರಿಸಬೇಕು. 30 ದಿನದಲ್ಲಿ ಮುಗಿಯದ್ದು, ರೊಕ್ಕ ಕೂಡಿಸಬೇಕಾದ್ದು ಬೇಡ.

ಭಾನುವಾರ ಬೆಳಿಗ್ಗೆ ಅದನ್ನು ಕಾಗದಕ್ಕಿಳಿಸಿ. ನಕ್ಷೆಯಲ್ಲಿ ಬಂದ ಬೀದಿದೀಪವನ್ನೇ ತೆಗೆದುಕೊಳ್ಳಿ. ಮೊದಲು ಪಿಡಿಒ ಅವರನ್ನು ಬಾಯಿಮಾತಲ್ಲಿ ಕೇಳಲಿ. ನೇರ ಅರ್ಜಿ ಹಾಕಿದರೆ ಜಗಳಕ್ಕೆ ಬಂದವರೆಂದು ತಿಳಿಯುತ್ತಾರೆ, ಊರವರಿಗೂ ಇಕ್ಕಟ್ಟು. ಮಾಹಿತಿ ಸಿಗದಿದ್ದರೆ ಮಾತ್ರ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ: 10 ರೂಪಾಯಿ ಶುಲ್ಕ, ಅದಕ್ಕೆ ಪೋಸ್ಟಲ್ ಆರ್ಡರ್ ಆಗುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಬಿಎ ಓದುವವರೂ ಮೊದಲ ಸಲ ಪುಟಗಟ್ಟಲೆ ದೂರು ಬರೆಯುತ್ತಾರೆ. “ಯಾಕೆ ಹಾಕಿಸಿಲ್ಲ?” ಅನ್ನುವುದನ್ನು ಹೊಡೆದುಹಾಕಿ, “ಕಳೆದ ಎರಡು ವರ್ಷ ಬೀದಿದೀಪಕ್ಕೆ ಖರ್ಚಾದ ಮೊತ್ತ, ದೀಪ ಹಾಕಿದ ಕಂಬಗಳ ಪಟ್ಟಿ, ಬಿಲ್‌ಗಳ ಪ್ರತಿ ಕೊಡಿ” ಎಂದು ಬರೆಸಿ. ಕಾರಣ ಕೇಳಿದರೆ ನುಣುಚಿಕೊಳ್ಳಬಹುದು, ಕಡತದಲ್ಲಿರುವ ಕಾಗದ ಕೇಳಿದರೆ ಅಷ್ಟು ಸುಲಭವಲ್ಲ. ಉತ್ತರಕ್ಕೆ 30 ದಿನ ಗಡುವು, ನಿಮ್ಮ ಕೆಲಸದ ಗಡುವೂ ಅದೇ.

ಊಟದ ಏರ್ಪಾಡು ಸಣ್ಣದೆಂದು ಬಿಡಬೇಡಿ. ಶಿಕ್ಷಕರೂ ಸೇರಿ 36 ಮಂದಿಗೆ ಹೊತ್ತಿಗೆ 110 ರೊಟ್ಟಿ ಹಿಡಿಯಿರಿ, ಹಳ್ಳಿಯ ಸ್ತ್ರೀಶಕ್ತಿ ಸಂಘಕ್ಕೇ ಹೇಳಿ. ಬಡಿಸುವುದು, ತಾಟು ತೊಳೆಯುವುದು, ಪಾಯಖಾನೆ ಸ್ವಚ್ಛತೆ ಚೀಟಿ ಎತ್ತಿ ಹಂಚಿ, ಶಿಕ್ಷಕರ ಹೆಸರೂ ಚೀಟಿಯಲ್ಲಿರಲಿ. ಚೀಟಿ ಇಲ್ಲದಿದ್ದರೆ ಹುಡುಗಿಯರು ಬಡಿಸುತ್ತಾರೆ, ಹುಡುಗರು ಬ್ಯಾನರ್ ಕಟ್ಟುತ್ತಾರೆ, ಪಾಯಖಾನೆಗೆ ಯಾರೋ ಒಬ್ಬ ಜವಾನ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲೇ ಪಾಯಖಾನೆ ಕೆಲಸಕ್ಕೆ ಸ್ವಯಂಸೇವಕರು ನಿಂತಿದ್ದರು. ಬೆಳಗಾವಿ ನಮಗೇನು ದೂರದ್ದಲ್ಲ.

ಹುಡುಗಿಯರ ಮನೆಗೆ ಮಹಿಳಾ ಉಪನ್ಯಾಸಕರೇ ಫೋನ್ ಮಾಡಲಿ, ಒಪ್ಪಿಗೆಪತ್ರದಲ್ಲಿ ಅವರ ನಂಬರ್ ಇರಲಿ. ಭಾನುವಾರ ಎರಡಕ್ಕೇ ಮುಗಿಸಿ. ಸಮಾರೋಪ ಸಂಜೆಗೆ ಎಳೆದರೆ ತಾಲ್ಲೂಕಿನಾಚೆ ಹೋಗುವವರಿಗೆ ಬಸ್ ತಪ್ಪುತ್ತದೆ, ಮುಂದಿನ ವರ್ಷ ಆ ಮನೆಯಿಂದ ಯಾರನ್ನೂ ಕಳಿಸುವುದಿಲ್ಲ.

ಅಭಿಪ್ರಾಯದ ಹಾಳೆ ಅವತ್ತೇ ಬರೆಸಬೇಡಿ. 31ನೇ ದಿನ ಬರೆಸಿ, ಪ್ರಮಾಣಪತ್ರವನ್ನೂ ಅವತ್ತೇ ಕೊಡಿ. ಬಂದ ಉತ್ತರವನ್ನು, ಬಾರದಿದ್ದರೆ ಬರಲಿಲ್ಲ ಎಂಬುದನ್ನು, ಆಯಾ ಗುಂಪು ಅದೇ ಹಳ್ಳಿಗೆ ಹೋಗಿ ಗುಡಿಕಟ್ಟೆಯಲ್ಲೂ ಅಂಗನವಾಡಿ ಅಂಗಳದಲ್ಲೂ ಓದಿ ಹೇಳಬೇಕು. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ ಕಾಲಾವಕಾಶವಿದೆ.

ಈ ಸಲದ ಶಿಬಿರಕ್ಕೂ ಮುಂಚೆ, ಕಳೆದ ವರ್ಷದ ಹಳ್ಳಿಗೆ ಒಮ್ಮೆ ಹೋಗಿಬನ್ನಿ. ಉಳಿದ ಆ ಮೂರು ಸಸಿಗೆ ಯಾರೋ ನೀರು ಹಾಕಿರಬೇಕು. ಅವರು ಯಾರೆಂದು ಕೇಳಿ, ಶುಕ್ರವಾರ ಸಂಜೆ ಉದ್ಘಾಟನೆಗೆ ಅವರನ್ನೇ ಕರೆಯಿರಿ.

—ಸಂ.