ಮನೆಯಲ್ಲೇ ಗುಂಡು ತುಂಬಬಹುದಾ?

ಪ್ರಶ್ನೆ: ಅಮೆರಿಕದವರು ಹೊಡೆದು ಬಿದ್ದ ಗುಂಡಿನ ಖಾಲಿ ಕೇಸಿಗೆ (ಲೋಹದ ಕೊಳವೆಗೆ) ಸಿಡಿಮದ್ದು ತುಂಬಿ ಪಿಸ್ತೂಲಿನ ಗುಂಡು ಮಾಡಿಕೊಳ್ಳುವ ವಿಡಿಯೊ ನೋಡುತ್ತಿರುತ್ತೇನೆ ಸರ್. ಹೊಸಬನಾದ ನಾನು ಗುಂಡು ತುಂಬುವ ಯಂತ್ರ, ಅಂದರೆ ಪ್ರೆಸ್, ಯಾವುದು ಕೊಳ್ಳಲಿ?
– ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಯಾವುದೂ ಬೇಡ ಮಾರಾಯ್ರೆ! ಅಲ್ಲಿ ಅದು ಹವ್ಯಾಸ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸುವುದು ಅಪರಾಧ. ಮದ್ದಿನ ಮೇಲೆ ಅಷ್ಟೊಂದು ಆಸೆಯಿದ್ದರೆ ಚಿತ್ರದುರ್ಗದ ಕೋಟೆಗೆ ಹೋಗಿ, ಆ ದೊಡ್ಡ ಮದ್ದು ಬೀಸುವ ಕಲ್ಲುಗಳನ್ನು ನೋಡಿ ಬನ್ನಿ.

ನಿಮಗೆ ಬೇಕಿರುವುದು ಗುರಿ ಹೊಡೆಯುವ ಖುಷಿ, ಅಲ್ವಾ? ಹಾಗಾದ್ರೆ ಗಾಳಿಯ ಒತ್ತಡದಲ್ಲಿ 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ಪಿಸ್ತೂಲ್ ಹಿಡಿಯಿರಿ. ನಳಿಕೆಯ ಒಳ ಅಗಲ 0.177 ಇಂಚು ಮೀರದ, ಹೊಡೆತದ ಶಕ್ತಿ 20 ಜೂಲ್ ಒಳಗಿನ ಏರ್ ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಬಿಲ್ ಮಾತ್ರ ಜೋಪಾನವಾಗಿಡಿ.

ಕೊಳ್ಳುವಾಗ ಪಿಸ್ತೂಲಿನ ಹಿಡಿ (ಗ್ರಿಪ್) ನೋಡಿ, ಬೆಲೆ ಆಮೇಲೆ. ಪಿಸ್ತೂಲು ಹಿಡಿದು ಕಣ್ಣು ಮುಚ್ಚಿ ಕೈ ಚಾಚಿ, ಕಣ್ಣು ತೆರೆಯಿರಿ. ನಳಿಕೆಯ ಮೇಲೆ ಗುರಿ ನೋಡಲು ಇರುವ ಮುಂದಿನ ಸೈಟ್ (ಗುರಿಮೊನೆ) ಹಿಂದಿನ ಸೈಟಿನ ಸಂದಿಯಲ್ಲಿ ಸರಿಯಾಗಿ ನಿಂತಿದ್ದರೆ ಹಿಡಿ ನಿಮ್ಮದೇ. ಪಕ್ಕಕ್ಕೆ ವಾಲಿದ್ದರೆ ಬೇರೆ ನೋಡಿ. ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ಎಳೆತ ತಡೆಯಬೇಕು, ಪಿಸ್ತೂಲು 1500 ಗ್ರಾಂ ಮೀರಬಾರದು. ಹೊಸಬರ ಕೈಗೆ ಅಷ್ಟು ತೂಕವೇ ಜಾಸ್ತಿ.

ಪೆಲೆಟ್ (ಏರ್ ಗನ್ನಿನ ಪುಟ್ಟ ಗುಂಡು) ಚಪ್ಪಟೆ ತಲೆಯದ್ದು ತನ್ನಿ. ಕಾಗದದಲ್ಲಿ ತೂತು ದುಂಡಗೆ, ಚೊಕ್ಕವಾಗಿ ಬೀಳುತ್ತದೆ. ಅದು ಸೀಸ, ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆದೇ ಮಂಡಕ್ಕಿ ಮುಟ್ಟಿ. ಹೊಡೆಯುವಾಗ ಕಣ್ಣಿನ ರಕ್ಷಣೆಗೆ ಕನ್ನಡಕ ಕಡ್ಡಾಯ. ತಾರಸಿ ಮೇಲಂತೂ ಬೇಡವೇ ಬೇಡ, ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಬರುತ್ತಾರೆ.