ಸೆಪ್ಟಿಕ್ ಟ್ಯಾಂಕಿನ ನೀರು ಬಾವಿಗೆ ಇಳಿಯುತ್ತಿದೆಯಾ, ತಿಳಿಯುವುದು ಹೇಗೆ?

ಈ ಪ್ರಶ್ನೆ ಕೇಳುತ್ತಾ, ನಿಮ್ಮದು ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ, ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿಯಿಂದ ಬಾವಿಗೆ 10 ಮೀಟರ್ ಅಂದಿದ್ದೀರಿ. ತೀರಾ ಹತ್ತಿರವಾಯ್ತು, ಭಾರತೀಯ ಮಾನಕದಂತೆ ಕನಿಷ್ಠ 18 ಮೀಟರ್ ಬೇಕು. ಮುರಕಲ್ಲಿನಲ್ಲಿ ತೂತು, ಬಿರುಕು ಜಾಸ್ತಿ, ಹಾಗಾಗಿ ಕೊಳೆನೀರು ಮಣ್ಣಿನಲ್ಲಿ ಸರಿಯಾಗಿ ಸೋಸಿಕೊಳ್ಳುವ ಮೊದಲೇ ಬಾವಿ ಸೇರಬಹುದು, ಅದರಲ್ಲೂ ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಗುಂಡಿಯ ತಳ ಮುಟ್ಟಿದಾಗ.

ನೀರು ತಿಳಿಯಾಗಿದೆ ಅಂತ ಸುಮ್ನೆ ಕೂರಬೇಡಿ. ಕೊಳೆನೀರಿನಿಂದ ಬರುವ ನೈಟ್ರೇಟ್ ಎಂಬ ಲವಣಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಲ್ಯಾಬಿನವರೇ ಕೊಡುವ ಬಾಟಲಿಯಲ್ಲಿ ನೀರು ಹಿಡಿದು ಅದೇ ದಿನ ತಲುಪಿಸಿ. 100 ಮಿ.ಲೀ. ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ದಾಟಬಾರದು. ಪಕ್ಕದಲ್ಲಿ ಅಡಿಕೆ ತೋಟ ಇದ್ದರೆ ನೈಟ್ರೇಟ್ ಗೊಬ್ಬರದ್ದೂ ಇರಬಹುದು ಅಲ್ವಾ, ಅದೊಂದನ್ನೇ ನೋಡಿ ಗುಂಡಿಯನ್ನು ದೂರಬೇಡಿ. ಜುಲೈನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಪರೀಕ್ಷಿಸಿ. ಅಲ್ಲಿವರೆಗೆ ಕುದಿಸಿ ಕುಡಿಯಿರಿ. ರೋಗಾಣು ಸಾಯುತ್ತವೆ, ನೈಟ್ರೇಟ್ ಮಾತ್ರ ಹೋಗುವುದಿಲ್ಲ.